ನಾಲ್ಕು ಇಪ್ಪೆ ಮರಗಳ ವಿಚಾರ

ಕಲ್ಲುಕೊಪ್ಪಲು, ಬೆಟ್ಟದಪುರದ ಹತ್ತಿರ
14 ಸೆಪ್ಟೆಂಬರ್ 1924, ಭಾನುವಾರ

ಅಣ್ಣನಿಗೆ ಪುಟ್ಟತಾಯಮ್ಮನ ನಮಸ್ಕಾರ.

ಮೊದಲು ಕ್ಷೇಮ ಬರೆದು ಆಮೇಲೆ ವಿಷಯಕ್ಕೆ ಬರಬೇಕು ಎಂದು ನೀನೇ ಸ್ಲೇಟು ಹಿಡಿಸಿ ಹೇಳಿಕೊಟ್ಟಿದ್ದೆ. ಈ ಸಲ ಅದು ಆಗುವುದಿಲ್ಲ. ಮೂರು ದಿವಸದಿಂದ ಒಂದೇ ಕನಸು ಬೀಳುತ್ತಿದೆ. ತೋಪಿಗೆ ಹೋಗುತ್ತೇನೆ. ಕೆರೆಯ ಕಡೆ ಸಾಲಾಗಿ ನಿಂತಿರುವ ನಾಲ್ಕು ಇಪ್ಪೆ ಮರ ಇಲ್ಲ. ಬುಡ ಮಾತ್ರ ಇವೆ, ಕರ್ರಗೆ ಸುಟ್ಟು ಹೊಗೆಯಾಡುತ್ತಿವೆ. ಸೆರಗಿನಲ್ಲಿ ಹೊಗೆ ಬೀಸಿ ಬೀಸಿ ಎಣಿಸುತ್ತೇನೆ, ನಾಲ್ಕಕ್ಕೆ ನಾಲ್ಕೂ ಹೋಗಿವೆ. ಈ ಹೊತ್ತು ಎದ್ದವಳೇ ಮುಖ ಕೂಡ ತೊಳೆಯದೆ ತೋಪಿಗೆ ಹೋಗಿ ನೋಡಿಬಂದೆ. ನಾಲ್ಕೂ ಇವೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅನುಮಾನ ಬಂತು, ಮತ್ತೆ ಹೋಗಿ ಎಣಿಸಿದೆ. ನಗಬೇಡ.

ಈ ಕನಸಿಗೆ ಕಾರಣ ಇದೆ. ಆಷಾಢದಲ್ಲಿ ಕಾವೇರಿ ಉಕ್ಕಿ ಬಂದು ಎಡತೊರೆ ಕಡೆ ಊರೂರೇ ಕೊಚ್ಚಿಹೋಯಿತಲ್ಲ, ಆ ಜನ ಐದು ಸಂಸಾರ, ಐದು ಒಲೆಯಷ್ಟು, ಬಂದು ನಮ್ಮ ತೋಪಿನಲ್ಲಿ ಇಳಿದುಬಿಟ್ಟಿದ್ದಾರೆ. ಮೊದಲು ಎರಡು ದಿವಸ ಅಂದರು. ಆಮೇಲೆ ಮಳೆ ನಿಲ್ಲಲಿ ಅಂದರು. ಈಗ ಯಾರೂ ಏನೂ ಅನ್ನುವುದಿಲ್ಲ, ತೆಂಗಿನ ಗರಿ ಹೊದಿಸಿ ಗುಡಿಸಲೇ ಎಬ್ಬಿಸಿದ್ದಾರೆ. ಹೊಲವಿದ್ದವರಿಗೆ ಸರ್ಕಾರ ಎಲ್ಲೋ ಜಾಗ ತೋರಿಸಿತಂತೆ, ಇವರು ಕೂಲಿಯವರು, ತೋರಿಸಿಕೊಳ್ಳಲು ಏನೂ ಇರಲಿಲ್ಲವಂತೆ. ಅದು ಅವರ ಕರ್ಮ, ಒಪ್ಪಿದೆ. ಆದರೆ ನಮ್ಮ ತೋಪು ಏನು ಮಾಡಿತ್ತು? ಊರ ದನ ಮಧ್ಯಾಹ್ನ ಮಲಗುವುದು ಅಲ್ಲಿ. ಪಂಚಾಯ್ತಿ ಸೇರುವುದು ಅಲ್ಲಿ. ಆ ನಾಲ್ಕು ಇಪ್ಪೆ ನಮ್ಮ ಮನೆಯ ನಾಲ್ಕು ಜನ ವಾರಗಿತ್ತಿಯರು, ನಮ್ಮತ್ತೆಯ ಅತ್ತೆಯ ಕಾಲದವರು, ಕೆರೆಯಿಂದ ನೀರು ಹೊತ್ತು ಬೆಳೆಸಿದವು. ಈಗ ಅವುಗಳ ಕೊಂಬೆಗೆ ಅವರ ಹರಕು ಬಟ್ಟೆ ನೇತಾಡುತ್ತಿದೆ.

ನನಗೆ ಹೆದರಿಕೆ ಒಂದಲ್ಲ. ಸೌದೆಗೆ ಮರಕ್ಕೇ ಕೊಡಲಿ ಹಾಕಿಬಿಟ್ಟರೆ? ಬಾವಿಗೆ ಏನಾದರೂ ಬಿದ್ದರೆ? ಹೊಳೆ ಕೆಳಗಿನ ಜ್ವರವನ್ನು ಮೈಯಲ್ಲೇ ಹೊತ್ತು ತಂದಿದ್ದರೆ? ಮಗುವಿಗೆ ಮೊನ್ನೆಯಿಂದ ಕೆಮ್ಮು ಬೇರೆ. ಊರ ಪಟೇಲರಾದ ನಮ್ಮ ಭಾವನವರು ಚಾವಡಿಯಲ್ಲಿ ದಿನಾ ಇದೇ ಮಾತು ಎತ್ತುತ್ತಾರೆ. ನಿನ್ನೆ ನನ್ನ ಯಜಮಾನರು ಬಂದು, ಹುಣಸೂರಿನಲ್ಲಿ ಅರ್ಜಿ ಬರೆಯುವ ಭಾವಮೈದ ಇರುವಾಗ ಬೇರೆಯವರ ಹತ್ತಿರ ಏಕೆ ಹೋಗಬೇಕು ಅಂದರು. ನೀನೇ ಒಂದು ಅರ್ಜಿ ಬರೆದು ಕಚೇರಿಯ ಸಾಹೇಬರ ಮುಂದೆ ಇಡು. ಅವರನ್ನು ಎಲ್ಲಿಗಾದರೂ ಕಳಿಸಲಿ. ಎಲ್ಲಿಗೆ ಎಂದು ನನ್ನನ್ನು ಕೇಳಬೇಡ.

ನಿನ್ನ ತಂಗಿ
ಪುಟ್ಟತಾಯಮ್ಮ


ಹುಣಸೂರು
28 ಸೆಪ್ಟೆಂಬರ್ 1924

ಚಿ|| ಸೌ|| ಪುಟ್ಟತಾಯಮ್ಮನಿಗೆ ನೀಲಕಂಠಸ್ವಾಮಿಯ ಆಶೀರ್ವಾದ.

ಕಾಗದ ಬಂತು. ಕಚೇರಿಯ ಜಗಲಿಯ ಮೇಲೆ ಕುಳಿತು ಎರಡು ಸಲ ಓದಿದೆ. ನಿನ್ನ ಅಕ್ಷರ ಈಗಲೂ ಮಳೆಗೆ ಸಿಕ್ಕ ಇರುವೆ ಸಾಲಿನಂತೆಯೇ ಇದೆ. ಮೂರನೆಯ ತರಗತಿಗೆ ನಿನ್ನನ್ನು ಶಾಲೆ ಬಿಡಿಸಿ ಒಲೆ ಮುಂದೆ ಕೂರಿಸಿದ್ದು ತಪ್ಪು ಎಂದು ಆಗಾಗ ಅನ್ನಿಸುತ್ತದೆ. ಆದರೆ ಅವ್ವ ಹೋದಮೇಲೆ ಇನ್ನೇನು ಮಾಡಬಹುದಿತ್ತು.

ಅರ್ಜಿ ಬರೆಯುತ್ತೇನೆ. ಒಂದು ಮಾತು ತಿಳಿದುಕೊ. ಸರ್ಕಾರಕ್ಕೆ ಹೆದರಿಕೆ ಅರ್ಥವಾಗುವುದಿಲ್ಲ, ಕೃತ್ಯ ಅರ್ಥವಾಗುತ್ತದೆ. ‘ಹೀಗೆ ಆದೀತು’ ಎಂದು ಬರೆದರೆ ಆ ಕಾಗದ ಕಟ್ಟಿನಲ್ಲಿ ಕೊಳೆಯುತ್ತದೆ. ‘ಹೀಗೆ ಆಯಿತು’ ಎಂದು ಬರೆದರೆ ಒಬ್ಬ ಮನುಷ್ಯ ಎದ್ದು ಬರುತ್ತಾನೆ. ಆದ್ದರಿಂದ ಅವರು ಏನೇನು ಮಾಡಿದ್ದಾರೆ ಎಂದು ವಿವರವಾಗಿ ಬರೆದು ಕಳಿಸು. ಬರುವ ಕಾಗದಗಳನ್ನೆಲ್ಲ ಕಂಬಿಗೆ ಚುಚ್ಚಿ ಜೋಪಾನವಾಗಿ ಇಟ್ಟಿರುತ್ತೇನೆ, ನಿನ್ನ ಇರುವೆಗಳನ್ನೂ ಸೇರಿಸಿ.

ನಿನ್ನ ಅತ್ತಿಗೆ ಮಗುವಿನ ಕೆಮ್ಮಿಗೆ ಜ್ಯೇಷ್ಠಮಧು ಕಳಿಸಿದ್ದಾಳೆ.

ನೀಲಕಂಠಸ್ವಾಮಿ


ಕಲ್ಲುಕೊಪ್ಪಲು
2 ನವೆಂಬರ್ 1924, ಭಾನುವಾರ

ಅಣ್ಣಾ,

ವಿವರ ಕೇಳಿದ್ದೆ. ನೋಡಿ ನೋಡಿ ಸಾಕಾಗಿದೆ. ಅವರು ಏನು ಮಾಡಿದರು ಎಂದು ಹೇಳುವುದಕ್ಕಿಂತ ಏನು ಮಾಡುವುದಿಲ್ಲ ಎಂದು ಹೇಳಿದರೆ ನನ್ನ ಸಿಟ್ಟು ನಿನಗೆ ಗೊತ್ತಾಗುತ್ತದೆ. ಬಾವಿ ಕಟ್ಟೆ ಹತ್ತುವುದಿಲ್ಲ. ದೂರದಲ್ಲಿ ಮಡಕೆ ಇಟ್ಟುಕೊಂಡು ನಿಲ್ಲುತ್ತಾರೆ, ಯಾರಾದರೂ ಹೊಯ್ಯುವ ತನಕ. ಒಂದು ದಿವಸ ನೋಡಿಯೂ ನೋಡದವಳ ಹಾಗೆ ಬಂದುಬಿಟ್ಟೆ. ಕೊಡ ಇಳಿಸಿ, ಅಕ್ಕಿ ಆರಿಸಿ, ಮಗುವಿಗೆ ಕಷಾಯ ಕುಡಿಸಿ ಬಾಗಿಲಿಗೆ ಬಂದರೆ ಆ ಮುದುಕಿ ಇನ್ನೂ ನಿಂತಿದ್ದಾಳೆ. ಅಷ್ಟು ತಾಳ್ಮೆ ಇಟ್ಟುಕೊಂಡು ಒಬ್ಬಳು ನಿಂತರೆ ಮನೆಯೊಳಗಿನವಳಿಗೆ ಹೇಗಾಗಬೇಕು? ಬೈದುಕೊಂಡೇ ಹೋಗಿ ಹೊಯ್ದೆ. ಅವತ್ತಿನಿಂದ ದಿನಾ ನನ್ನ ಪಾಲಿಗೇ ಬಂದಿದೆ.

ಅವಳ ಹೆಸರು ಸಣ್ಣತಾಯಮ್ಮ. ಮಗ ಮಂಟಯ್ಯ, ಕಲ್ಲು ಕಟ್ಟುವವನು, ಆ ಐದು ಒಲೆಗೂ ಅವನೇ ಹಿರಿಯ. ನಾನು ಕನಸಿನ ಹೆದರಿಕೆಗೆ ಎರಡು ದಿನಕ್ಕೊಮ್ಮೆ ತೋಪಿನ ಕಡೆ ಹೋಗಿ ಬರುವುದನ್ನು ಈ ಮುದುಕಿ ಕಂಡುಹಿಡಿದಿದ್ದಾಳೆ. ಮೊನ್ನೆ ಗುಡಿಸಲ ಮುಂದೆ ಕುಳಿತು ಕೇಳುತ್ತಾಳೆ: “ಮರ ಎಣಿಸಕ್ಕೆ ಬಂದ್ಯಾ ಅವ್ವ? ನಾಕೇ ಇರೋದು ಕಣವ್ವ. ನಾವೇನ್ ಮರಿ ಹಾಕ್ಸಿಲ್ಲ.” ಅಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಊರು ಹೋಗಿ ಮೂರು ತಿಂಗಳಾಗಿದೆ, ನಗು ಎಲ್ಲಿಂದ ಬರುತ್ತದೆ ಇವರಿಗೆ?

ಹಿತ್ತಲಿನ ಸೋರೆಕಾಯಿ ಒಂದು ಕಾಣೆಯಾಗಿತ್ತು. ಅವರೇ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಮಾರನೆಯ ದಿನ ಎಲೆಯ ಮರೆಯಲ್ಲೇ ಸಿಕ್ಕಿತು. ಇದನ್ನು ನೀನು ಬರೆಯಬೇಡ.

ಇನ್ನೊಂದು ವಿಚಾರ. ಊರ ಮಕ್ಕಳಿಗೆಲ್ಲ ನಾಯಿಕೆಮ್ಮು ಹತ್ತಿದೆ. ಸಂಕ್ರಾಂತಿ ಕಳೆದ ಮಂಗಳವಾರ ಹೊರಬೀಡು ಮಾಡುವುದೆಂದು ತೀರ್ಮಾನವಾಗಿದೆ. ಪಟ್ಟಣ ಸೇರಿ ನಿನಗೆ ಮರೆತಿರಬಹುದು. ಹೊತ್ತು ಹುಟ್ಟುವ ಮುಂಚೆ ಒಲೆಯ ಕೆಂಡ ಆರಿಸಿ, ದನ ಕರು ಕೋಳಿ ನಾಯಿ ಎಲ್ಲ ಹೊಡೆದುಕೊಂಡು, ಊರಬಾಗಿಲಿಗೆ ಮುಳ್ಳು ಹಾಕಿ ತೋಪಿಗೆ ಹೋಗಿಬಿಡಬೇಕು. ಊರಲ್ಲಿ ಒಂದು ನರಪಿಳ್ಳೆ ಉಳಿಯಬಾರದು. ಅಲ್ಲೇ ಅಟ್ಟು, ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ. ಖಾಲಿ ಊರು ಕಂಡು ರೋಗ ಹೊರಟುಹೋಗುತ್ತದೆ. ಒಂದೊಂದು ಮನೆಗೆ ಒಂದೊಂದು ಮರ. ನಮ್ಮದು ಮೂರನೆಯ ಇಪ್ಪೆ. ಈಗ ಅದರ ಬುಡದಲ್ಲಿ ಮಂಟಯ್ಯನ ಗುಡಿಸಲು. ಹೇಳು, ನಾವೆಲ್ಲಿ ಒಲೆ ಹೂಡಬೇಕು?

ನಮ್ಮ ರಾಗಿ ಕುಯ್ಲಿಗೆ ಅವರನ್ನೇ ಕರೆದಿದ್ದಾರೆ, ಊರವರಿಗಿಂತ ಕಡಿಮೆ ಕೂಲಿಗೆ ಬರುತ್ತಾರೆಂದು. ಹಗಲು ಹೊಲಕ್ಕೆ ಬೇಕು, ಸಂಜೆ ತೋಪಿನಲ್ಲಿ ಇರಬಾರದು ಎಂದರೆ ಕತ್ತಲಾದಾಗ ಆರಿಹೋಗಲು ಅವರೇನು ದೀಪವೇ ಎಂದು ಯಜಮಾನರನ್ನು ಕೇಳಿದೆ. ಸುಮ್ಮನಿರು ಅಂದರು. ನೀನು ಬೇಗ ಅರ್ಜಿ ಬರೆ.

ಪುಟ್ಟತಾಯಮ್ಮ


ಹುಣಸೂರು
14 ಡಿಸೆಂಬರ್ 1924

ಚಿ|| ಸೌ|| ಪುಟ್ಟತಾಯಮ್ಮನಿಗೆ ಆಶೀರ್ವಾದ.

ಅರ್ಜಿ ಈ ದಿನ ತಯಾರಾಯಿತು. ನಿನ್ನ ಭಾವನವರು ಹದಿನೆಂಟು ಮನೆಯವರ ಹೆಬ್ಬೆಟ್ಟು ತಂದಿದ್ದರು. ಈ ದಿನದ ತಾರೀಖನ್ನೇ ಹಾಕಿದ್ದೇನೆ, ನಾಳೆ ಕಚೇರಿ ತೆಗೆಯುತ್ತಲೇ ದಾಖಲು ಮಾಡಿಸುತ್ತೇನೆ. ಇಷ್ಟು ಚೆನ್ನಾಗಿ ಬಹಳ ದಿವಸದಿಂದ ಬರೆದಿರಲಿಲ್ಲ. ಮುಖ್ಯವಾದ ಭಾಗವನ್ನು ನಿನಗಾಗಿ ನಕಲು ಮಾಡಿದ್ದೇನೆ:

‘ಸದರಿ ಪರಸ್ಥಳದ ಜನರು ಸರ್ಕಾರಿ ಗುಂಡುತೋಪನ್ನು ಆಕ್ರಮಿಸಿಕೊಂಡು ಗ್ರಾಮಸ್ಥರ ಕುಡಿಯುವ ನೀರಿನ ಬಾವಿಯನ್ನು ಮಲಿನಗೊಳಿಸಿರುತ್ತಾರೆ. ಹಿತ್ತಲುಗಳಲ್ಲಿ ತರಕಾರಿ ಅಪಹರಿಸಿರುತ್ತಾರೆ. ಜ್ವರ ಮತ್ತು ಕೆಮ್ಮನ್ನು ಹರಡಿರುತ್ತಾರೆ. ಕೆರೆಯ ಮಗ್ಗುಲಲ್ಲಿದ್ದ, ಪೂರ್ವಿಕರು ನೆಟ್ಟು ಬೆಳೆಸಿದ ನಾಲ್ಕು ಇಪ್ಪೆ ಮರಗಳನ್ನು ಮಂಟಯ್ಯನೆಂಬುವನ ಮುಖಂಡತ್ವದಲ್ಲಿ ಕಡಿದು, ಬುಡಕ್ಕೆ ಬೆಂಕಿಯಿಟ್ಟು ಸುಟ್ಟಿರುತ್ತಾರೆ.’

ಕೊನೆಯ ಮಾತಿಗೆ ತೂಕ ಹೆಚ್ಚು. ಸರ್ಕಾರಿ ಮರ ಮುಟ್ಟಿದರೆ ಸರ್ಕಾರ ಸುಮ್ಮನಿರುವುದಿಲ್ಲ. ನೋಡು, ನಿನ್ನ ಕಾಗದಗಳಲ್ಲಿ ಇಲ್ಲದ ಒಂದು ಸಂಗತಿಯನ್ನೂ ನಾನಾಗಿ ಸೇರಿಸಿಲ್ಲ.

ನೀಲಕಂಠಸ್ವಾಮಿ


ಕಲ್ಲುಕೊಪ್ಪಲು
21 ಡಿಸೆಂಬರ್ 1924, ಭಾನುವಾರ

ಅಣ್ಣಾ, ಇದೇನು ಮಾಡಿಬಿಟ್ಟೆ?

ಮರ ಕಡಿದದ್ದು ಕನಸಿನಲ್ಲಿ. ನಾನು ಕನಸು ಎಂದೇ ಬರೆದಿದ್ದೆ, ಎದ್ದು ಹೋಗಿ ನೋಡಿದೆ, ನಾಲ್ಕೂ ಇವೆ ಎಂದೂ ಬರೆದಿದ್ದೆ. ನನ್ನ ಕಾಗದ ಬಿಚ್ಚಿ ನೋಡು. ಬಾವಿಗೆ ಏನಾದರೂ ಬಿದ್ದರೆ ಎಂದೆ, ಬಿದ್ದಿದೆ ಎನ್ನಲಿಲ್ಲ. ಸೋರೆಕಾಯಿ ಬರೆಯಬೇಡ ಎಂದು ಹೇಳಿದರೂ ಬರೆದೆ. ಕೆಮ್ಮು ಅವರು ಬರುವ ಮುಂಚೆ ನಮ್ಮ ಭಾವನವರ ಮನೆಯಲ್ಲೇ ಶುರುವಾದದ್ದು. ನನ್ನ ಎದೆಯೊಳಗಿನ ಹೆದರಿಕೆಯನ್ನು ಒಂದೊಂದಾಗಿ ಹೆಕ್ಕಿ ಅವರ ಕೈಗೆ ಕೊಡಲಿ ಕೊಟ್ಟು ನಿಲ್ಲಿಸಿದ್ದೀಯಲ್ಲ.

ಅವರು ಹೋಗಲಿ ಎಂದು ನಾನೇ ಬರೆದವಳು, ಇಲ್ಲ ಎನ್ನುವುದಿಲ್ಲ. ತೋಪು ನಮ್ಮದು, ಬಿಟ್ಟುಕೊಡಿ ಎಂದು ಬರೆದಿದ್ದರೆ ಸಾಕಾಗಿತ್ತು. ಅದು ಸತ್ಯ, ಅದಕ್ಕೆ ನಾನೇ ಹೆಬ್ಬೆಟ್ಟು ಒತ್ತುತ್ತಿದ್ದೆ. ಇದು ಏನು? ಮಂಟಯ್ಯ ಮೊನ್ನೆ ನಮ್ಮ ಕಣದ ಮೋಟುಗೋಡೆ ಕಟ್ಟಿಕೊಟ್ಟ. ಅವನ ಹೆಸರು ಹಾಕಿ ಬರೆದಿದ್ದೀಯ. ಅವನು ಜೈಲಿಗೆ ಹೋದರೆ ಆ ಗೋಡೆಯನ್ನು ನಾನು ದಿನಾ ಹೇಗೆ ನೋಡಲಿ?

ಆ ಹದಿನೆಂಟು ಜನಕ್ಕೆ ಏನು ಓದಿ ಹೇಳಿದಿರಿ? ಅರ್ಜಿ ವಾಪಸು ತೆಗೆ. ಆಗದಿದ್ದರೆ ಮರದ ಮಾತನ್ನಾದರೂ ತೆಗೆಸು. ಈ ಬೆಳಿಗ್ಗೆಯೂ ನೋಡಿಬಂದಿದ್ದೇನೆ. ನಾಲ್ಕೂ ಇವೆ.

ಪುಟ್ಟತಾಯಮ್ಮ


ಹುಣಸೂರು
4 ಜನವರಿ 1925

ತಂಗಿ,

ದಾಖಲಾದ ಅರ್ಜಿ ಬಿಟ್ಟ ಬಾಣ. ವಾಪಸು ತೆಗೆಯಬೇಕಾದರೆ ಸುಳ್ಳು ಬರೆದೆವು ಎಂದು ಒಪ್ಪಿಕೊಳ್ಳಬೇಕು. ಆಗ ನಿನ್ನ ಭಾವನವರ ಪಟೇಲಿಕೆ ಹೋಗುತ್ತದೆ, ನನ್ನ ಜಗಲಿಯೂ ಹೋಗುತ್ತದೆ. ಅರ್ಜಿಯ ಭಾಷೆಯೇ ಹಾಗೆ. ಹತ್ತು ಬರೆದರೆ ಎರಡು ನಂಬುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮರ ಯಾರು ಎಣಿಸುತ್ತಾರೆ ಎಂದುಕೊಂಡಿದ್ದೆ.

ಆದರೆ ನಿನಗೆ ಮುಚ್ಚಿಡುವುದಿಲ್ಲ. ಕಂದಾಯ ನೋಡುವ ಹೊಸ ಶೇಕದಾರರು ಬಂದಿದ್ದಾರೆ. ಇದೇ 22ನೆಯ ತಾರೀಖು ಗುರುವಾರ ಖುದ್ದು ಬಂದು ಬುಡ ನೋಡಿ ವರದಿ ಬರೆಯುತ್ತಾರಂತೆ. ನೀನು ಯಾರ ಹತ್ತಿರವೂ ಮಾತಾಡದೆ ಸುಮ್ಮನಿರುವುದು ಒಳ್ಳೆಯದು.

ನೀಲಕಂಠಸ್ವಾಮಿ


(ಕಾರ್ಡು)

ಕಲ್ಲುಕೊಪ್ಪಲು
18 ಜನವರಿ 1925, ಭಾನುವಾರ

ಅಣ್ಣಾ, ಕವರು ತರುವವರಿಲ್ಲ, ಕಾರ್ಡಿನಲ್ಲೇ ಇರುಕಿ ಬರೆಯುತ್ತಿದ್ದೇನೆ. ಸುಮ್ಮನಿರು ಎಂದೆ, ನನ್ನಿಂದ ಆಗಲಿಲ್ಲ. ಅರ್ಜಿಯಲ್ಲಿ ಹೀಗಿದೆ, ಶೇಕದಾರರು ಎಣಿಸಲು ಬರುತ್ತಾರೆ, ಅಷ್ಟರೊಳಗೆ ಸರಿಮಾಡಿ ಎಂದು ಯಜಮಾನರಿಗೆ ಹೇಳಿಬಿಟ್ಟೆ. ಅವರು ಎದ್ದು ಭಾವನವರ ಮನೆಗೆ ಹೋದರು. ವಾಪಸು ಬಂದು, “ಅದಕ್ಕೊಂದು ದಾರಿ ಮಾಡಿದ್ದೀವಿ, ನೀನು ತಲೆ ಕೆಡಿಸ್ಕಬ್ಯಾಡ” ಅಂದರು. ಒಪ್ಪಿಕೊಂಡು ತಪ್ಪು ಕಾಣಿಕೆ ಕಟ್ಟುತ್ತಾರೆ ಎಂದು ಕಾಣುತ್ತದೆ. ಎದೆ ಹಗುರವಾಯಿತು. ನಾಡಿದ್ದು ಹೊರಬೀಡು. ಈ ಸಂಜೆ ಹೆಂಗಸರೆಲ್ಲ ತೋಪಿಗೆ ಹೋಗಿ ಒಲೆಯ ಜಾಗ ಸಾರಿಸಿ ಬಂದೆವು. ಸಣ್ಣತಾಯಮ್ಮನೇ ಗುಡಿಸಲ ಮುಂದಿನ ಚಾಪೆ ಎತ್ತಿ ನನಗೆ ಜಾಗ ಮಾಡಿಕೊಟ್ಟಳು. ನಾಲ್ಕು ಇಪ್ಪೆಯೂ ಇವೆ. ಎರಡು ಸಲ ಎಣಿಸಿದೆ. ನಾಳೆ ಬೆಳಿಗ್ಗೆ ಬೆಟ್ಟದಪುರಕ್ಕೆ ಹೋಗುವವರ ಕೈಲಿ ಇದನ್ನು ಟಪಾಲಿಗೆ ಹಾಕಿಸುತ್ತೇನೆ. — ಪುಟ್ಟತಾಯಿ


ಹುಣಸೂರು
27 ಜನವರಿ 1925

ಚಿ|| ಸೌ|| ಪುಟ್ಟತಾಯಮ್ಮನಿಗೆ ಆಶೀರ್ವಾದ.

ನಿನ್ನ ಹೆದರಿಕೆಯೆಲ್ಲ ವೃಥಾ ಆಯಿತು, ಎಂದಿನಂತೆ. ಶೇಕದಾರರು ಹೋಗಿ ನೋಡಿದ್ದಾರೆ. ನಾಲ್ಕು ಬುಡಗಳೂ ಕಡಿದು ಸುಟ್ಟ ಸ್ಥಿತಿಯಲ್ಲಿದ್ದವು ಎಂದು ವರದಿಯಾಗಿದೆ. ಅರ್ಜಿ ಅಕ್ಷರಶಃ ಸತ್ಯವೆಂದು ಕಚೇರಿಯಲ್ಲಿ ನನಗೆ ಹೆಸರೂ ಬಂತು. ಮಂಟಯ್ಯನೆಂಬುವನನ್ನು ಇಲ್ಲಿಗೆ ಕರೆತಂದು ಇಟ್ಟಿದ್ದಾರೆ. ಫೆಬ್ರವರಿ 20ಕ್ಕೆ ವಿಚಾರಣೆ. ಉಳಿದ ಗುಡಿಸಲುಗಳನ್ನು ಕಿತ್ತರಂತೆ.

ಕಾರ್ಡು ಬರೆದ ಸಂಜೆ ನಿನಗೆ ಕತ್ತಲಲ್ಲಿ ಸರಿಯಾಗಿ ಕಂಡಿರಲಿಕ್ಕಿಲ್ಲ. ಕನಸು ಎಂದು ನೀನು ಅಂದದ್ದು ನಿಜವೇ ಇದ್ದಿರಬೇಕು. ಮರಗಳು ಅರ್ಜಿಗೆ ಮುಂಚೆಯೇ ಹೋಗಿದ್ದಿರಬೇಕು. ಇನ್ನು ಈ ವಿಷಯ ಬಿಡು.

ನೀಲಕಂಠಸ್ವಾಮಿ


ಕಲ್ಲುಕೊಪ್ಪಲು
8 ಫೆಬ್ರವರಿ 1925, ಭಾನುವಾರ

ಅಣ್ಣನಿಗೆ,

ಈ ಕಾಗದಕ್ಕೆ ಹತ್ತು ದಿವಸ ಬೇಕಾಯಿತು. ಬರೆದು ಹರಿದೆ, ಬರೆದು ಒಲೆಗೆ ಹಾಕಿದೆ. ತಡವಾದದ್ದು ಹೆದರಿಕೆಯಿಂದಲ್ಲ ಎಂದು ಮೊದಲೇ ಹೇಳುತ್ತೇನೆ. ಹೆದರಿಕೆ ನನಗೆ ಚೆನ್ನಾಗಿ ಗೊತ್ತು, ಇದು ಅದಲ್ಲ.

ನನಗೆ ಸರಿಯಾಗಿಯೇ ಕಂಡಿತ್ತು. ಆ ಭಾನುವಾರ ಸಂಜೆ ಹೊತ್ತು ಇನ್ನೂ ಇತ್ತು. ಮಾರನೆಯ ದಿನ ಸೋಮವಾರ, ನಾವು ಹೆಂಗಸರು ಮನೆ ತೊಳೆಯುವುದು ಬೀಸುವುದು ಎಂದು ಮುಳುಗಿದ್ದೆವು. ಗಂಡಸರೆಲ್ಲ ತೋಪು ಹಸನು ಮಾಡುತ್ತೇವೆಂದು ಬೆಳಿಗ್ಗೆಯೇ ಹೋದರು. ಗುಡಿಸಲಿನವರನ್ನು, ಹೊರಬೀಡು ಮುಗಿಯುವ ತನಕ ಕೆರೆಯ ಆಚೆ ದಂಡೆಗೆ ಹೋಗಿರಿ ಎಂದು ಕಳಿಸಿ, ಇಪ್ಪೆಯ ಬುಡದಲ್ಲಿದ್ದ ಮಂಟಯ್ಯನ ಗುಡಿಸಲನ್ನು ಬಿಚ್ಚಿ ಹಾಕಿದರಂತೆ. ದಿನವೆಲ್ಲ ಕೊಡಲಿ ಸದ್ದು ಕೇಳಿಸಿತು. ಒಣ ರೆಂಬೆ ಸವರುತ್ತಿದ್ದಾರೆ ಎಂದುಕೊಂಡೆ. ನಾನು! ಎಲೆ ಅಲುಗಿದರೆ ಎದ್ದು ಕೂರುವವಳು ನಾನು, ಆ ಒಂದು ದಿವಸ ನೆಮ್ಮದಿಯಾಗಿ ಕೂತು ರಾಗಿ ಬೀಸಿದೆ, ಭಾವನವರು ದಾರಿ ಮಾಡಿದ್ದಾರೆ ಎಂದು.

ಮಂಗಳವಾರ ಬೆಳಕು ಹರಿಯುವ ಮುಂಚೆ ಮಗುವನ್ನು ಹೊತ್ತು ಎಲ್ಲರ ಜೊತೆ ತೋಪಿಗೆ ಹೋದೆ. ಆಕಾಶ ಬೇರೆ ಥರ ಇತ್ತು. ಮರ ಇದ್ದ ಕಡೆ ಬರೀ ಬೆಳಕು. ನಾಲ್ಕು ಬುಡ. ಇಪ್ಪೆ ಕಡಿದರೆ ಹಾಲು ಬರುತ್ತದೆ, ನಿನಗೆ ಗೊತ್ತಲ್ಲ. ಆ ಹಾಲು ಕಾಣಬಾರದು, ಹಳೆಯದೆಂದು ಕಾಣಬೇಕು ಎಂದು ಹುಲ್ಲು ಹೊದಿಸಿ ಬೆಂಕಿ ಹಾಕಿದ್ದರು. ಇನ್ನೂ ಹೊಗೆಯಾಡುತ್ತಿತ್ತು. ಅಣ್ಣಾ, ನಾನು ಸೆರಗಿನಲ್ಲಿ ಹೊಗೆ ಬೀಸಿ ನೋಡಿದೆ. ಕನಸಿನಲ್ಲಿ ಮಾಡಿದ ಹಾಗೆಯೇ. ಆದರೆ ಕನಸಿನಲ್ಲಿ ಕೊಡಲಿ ಹಿಡಿದವರ ಮುಖ ತೋರಿಸಿರಲಿಲ್ಲ.

ಸೌದೆಯನ್ನು ಹದಿನೆಂಟು ಪಾಲು ಮಾಡಿ ಹದಿನೆಂಟು ಒಲೆಯ ಹತ್ತಿರ ಇಟ್ಟಿದ್ದರು. ಭಾವನವರು ಒಲೆ ಒಲೆಗೂ ಬಂದು, ಎಲ್ಲರೂ ಇದರಲ್ಲೇ ಅಟ್ಟು ಉಣ್ಣಬೇಕು, ಇದು ಊರ ಒಳ್ಳೆಯದಕ್ಕೆ ಎಂದು ಹೇಳಿಹೋದರು. ಹಸಿ ಸೌದೆ, ಉರಿಯಲಿಲ್ಲ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಒಬ್ಬಳೂ ಇದು ಎಲ್ಲಿಯ ಸೌದೆ ಎಂದು ಕೇಳಲಿಲ್ಲ. ಕೇಳದೆ ಇರುವುದು ಹೇಗೆ ಎಂದು ನಮಗೆ ಯಾರೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ನಾನೂ ಅಟ್ಟೆ. ಮಗುವಿಗೂ ಉಣಿಸಿದೆ.

ಗುರುವಾರ ಶೇಕದಾರರು ಬಂದು ಕುದುರೆಯಿಂದ ಇಳಿಯದೆ ನಾಲ್ಕು ಬುಡ ನೋಡಿದರು. ಮಂಟಯ್ಯ ಕೆರೆ ದಂಡೆಯಿಂದ ಓಡಿಬಂದು, ಸ್ವಾಮಿ, ಭಾನುವಾರ ಸಂಜೆ ತನಕ ಮರ ಇತ್ತು, ಊರವರನ್ನೇ ಕೇಳಿ ಎಂದು ಕೈಮುಗಿದ. ಶೇಕದಾರರು ಊರವರನ್ನು ಕೇಳಿದರು. ಊರವರು ನೆಲ ನೋಡಿದರು. ನನ್ನ ಯಜಮಾನರೂ ನೋಡಿದರು. ಅವರ ಅಂಗೈಯಲ್ಲಿ ಬೊಬ್ಬೆ ಇನ್ನೂ ಒಡೆದಿರಲಿಲ್ಲ. ಹೆಂಗಸರು ಕಣದ ಮೋಟುಗೋಡೆಯ ಹಿಂದೆ ಇದ್ದೆವು. ನಾನು ಒಂದು ಹೆಜ್ಜೆ ಮುಂದೆ ಹೋದದ್ದು ನಿಜ. ಎರಡನೆಯದು ಇಡಲಿಲ್ಲ, ಅದೂ ನಿಜ.

ಆಮೇಲೆ ಮನೆಯಲ್ಲಿ ಬಾಯಿಬಿಟ್ಟೆ. ಸಾಕ್ಷಿ ಹೇಳುತ್ತೇನೆ ಎಂದೆ. ಯಜಮಾನರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ತಣ್ಣಗೆ ಅಂದರು: “ಆ ಸೌದೇಲಿ ಬೆಂದ ಅನ್ನ ನೀನೂ ಉಂಡಿದ್ದೀಯ ಕಣೇ. ಯಾವ ಬಾಯಲ್ಲಿ ಹೇಳ್ತೀಯ?”

ಉಂಡ ಬಾಯಲ್ಲೇ ಹೇಳುತ್ತೇನೆ. ಇನ್ನೊಂದು ಬಾಯಿ ನನಗೆ ಎಲ್ಲಿಂದ ಬರಬೇಕು? ಒಂದು ದಿವಸ ಮನೆ ಬಿಟ್ಟು ಮರದ ಕೆಳಗೆ ಅಟ್ಟು ಉಂಡು ಬಂದರೆ ಅದು ನಮಗೆ ವ್ರತ, ದೇವರು ಮೆಚ್ಚುತ್ತಾನೆ. ಅದನ್ನೇ ಆರು ತಿಂಗಳು ಮಾಡಿದವರು ಅಪರಾಧಿಗಳು. ನಮಗೆ ಸಂಜೆಗೆ ಹಿಂದಿರುಗಲು ಬಾಗಿಲಿದೆ ಎಂಬುದೊಂದೇ ವ್ಯತ್ಯಾಸ. ಅಷ್ಟು ಮಾಡಿ ತೋಪನ್ನಾದರೂ ಉಳಿಸಿಕೊಂಡೆವಾ? ನಾಲ್ಕು ಜನ ಸೊಸೆಯರು ನೀರು ಹೊತ್ತು ಬೆಳೆಸಿದ್ದನ್ನು, ಅವರು ಕಡಿದರು ಎಂದು ತೋರಿಸಲು ನಾವೇ ಕಡಿದೆವು. ಕೆಮ್ಮೂ ಹೋಗಿಲ್ಲ.

ಗುಡಿಸಲು ಕಿತ್ತ ದಿನ ಸಣ್ಣತಾಯಮ್ಮ ಮೂರನೆಯ ಬುಡದ ಮೇಲೆ ಕುಳಿತಿದ್ದಳು. ನೀರು ಕೊಟ್ಟೆ. ಕುಡಿದು ಮಡಕೆ ಬೋರಲು ಹಾಕಿ ಅಂದಳು: “ಹೊಳೆ ಹೇಳ್ದೆ ಬಂತು ಕಣವ್ವ. ನೀವು ಹೇಳಿ ಕಳಿಸ್ತಾ ಇದ್ದೀರಿ. ಅಷ್ಟಾದ್ರೂ ಮೇಲು ಬುಡು.” ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಈಗ ನಿನಗೆ ಹೇಳಬೇಕಾದದ್ದು. ನಿನ್ನ ಅರ್ಜಿಯ ತಾರೀಖು ಡಿಸೆಂಬರ್ 14. ಆ ಹೊತ್ತಿಗೇ ಮರ ಕಡಿದಾಗಿತ್ತು ಎಂದು ಅದರಲ್ಲಿದೆ. ಜನವರಿ 18ರ ಸಂಜೆ ನಾಲ್ಕೂ ಇವೆ, ಎರಡು ಸಲ ಎಣಿಸಿದೆ ಎಂದು ನಾನು ಬರೆದಿದ್ದೇನೆ. ಕವರಿನಲ್ಲಿ ಬರೆದಿದ್ದರೆ, ಕಾಗದ ಬೇರೆ ಕವರು ಬೇರೆ, ಯಾವಾಗ ಬರೆದಳೋ ಎಂದು ಬಿಡುತ್ತಿದ್ದರು. ಅದು ಕಾರ್ಡು. ನನ್ನ ಅಕ್ಷರವೂ ಬೆಟ್ಟದಪುರದ ಟಪಾಲಿನ ಮೊಹರೂ ಒಂದೇ ರಟ್ಟಿನ ಮೇಲಿವೆ. ಊರವರು ಹದಿನೆಂಟು ಹೆಬ್ಬೆಟ್ಟು ಒತ್ತಿರಬಹುದು. ಆ ಮೊಹರಿಗೆ ಯಾರ ಭಾವನವರೂ ಗೊತ್ತಿಲ್ಲ.

ಅದನ್ನು ವಿಚಾರಣೆಗೆ ಮುಂಚೆ ಸಾಹೇಬರ ಕೈಗೆ ಕೊಡು. ನಿನ್ನ ಜಗಲಿ ಹೋಗಬಹುದು. ನನ್ನ ಮನೆಯೂ ಏನಾಗುತ್ತದೋ ತಿಳಿಯದು, ಮಗುವಿನೊಡನೆ ನಿನ್ನ ಬಾಗಿಲಿಗೇ ಬಂದು ನಿಂತರೆ ಅತ್ತಿಗೆಗೆ ಬೇಸರ ಮಾಡಿಕೊಳ್ಳಬೇಡ ಎಂದು ಹೇಳು. ತಂಗಿ ಬರೆದ ಹೆದರಿಕೆಯನ್ನು ನಡೆದದ್ದು ಎಂದು ತಿಳಿದೆ ಎಂದುಬಿಡು, ನಾನು ಹೌದು ಎನ್ನುತ್ತೇನೆ. ಅದೊಂದು ಸುಳ್ಳನ್ನು ನಿನಗಾಗಿ ಹೇಳುತ್ತೇನೆ. ಇನ್ನೊಂದನ್ನು ಹೇಳುವುದಿಲ್ಲ.

ಇದನ್ನು ಟಪಾಲಿಗೆ ಹಾಕಿಲ್ಲ, ಭಾವನವರ ಕಣ್ಣು ತಪ್ಪಿಸಿ ಕೈಯಲ್ಲೇ ಕಳಿಸುತ್ತಿದ್ದೇನೆ. ತಂದಿರುವವಳು ಮಂಟಯ್ಯನ ತಾಯಿ. ಮಗನನ್ನು ನೋಡಲು ಹುಣಸೂರಿಗೆ ನಡೆದೇ ಬರುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ನಿಂತು ಕಾಯುವುದು ಬರುತ್ತದೆ. ಅದನ್ನು ನಾನು ನೋಡಿದ್ದೇನೆ.

ನಿನ್ನ ತಂಗಿ
ಪುಟ್ಟತಾಯಮ್ಮ

ಮರೆತಿದ್ದೆ. ನೀನು ಕಾಗದಗಳನ್ನು ಕಂಬಿಗೆ ಚುಚ್ಚುತ್ತೀಯಲ್ಲ. ಆ ಕಾರ್ಡನ್ನು ಅವಳ ಎದುರಿಗೇ ಇಳಿಸಿ ಬೆಳಕಿಗೆ ಹಿಡಿ. ಕಂಬಿಯ ತೂತು ಮೊಹರಿನ ತಾರೀಖಿನ ಮೇಲೆ ಬಿದ್ದಿದೆಯೋ, ಪಕ್ಕಕ್ಕೆ ಬಿದ್ದಿದೆಯೋ, ನೋಡು. ಒಂದು ಸಲ ನೋಡಿ ಬಿಡಬೇಡ ಅಣ್ಣಾ, ಇನ್ನೊಂದು ಸಲ ನೋಡು.